ಪಾತ್ರೆ ಮೇಡಂ

ಆ ಕೋಣೆಯಲ್ಲಿ ಕೂತವರಿಗೆ ಮೈಸೂರಿನ ಹತ್ತಾರು ಬಾಯಿಗಳು ಕಾಣುತ್ತಿದ್ದವು, ಆದರೆ ಒಂದು ಮಾತೂ ಕೇಳುತ್ತಿರಲಿಲ್ಲ. ದಂತ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಹಿಂದೆ ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ಪೇರಿಸಿಡುತ್ತಿದ್ದ ಮೂಲೆಯನ್ನು ಖಾಲಿ ಮಾಡಿಸಿ ಗೋಡೆಯಗಲದ ಪರದೆ ಹಾಕಿದ್ದರು. ಪರದೆಯ ಮೇಲೆ ಒಂದರ ಕೆಳಗೊಂದು ಹಸಿರು ಗೆರೆಗಳು ಓಡುತ್ತಿದ್ದವು. ಒಂದೊಂದು ಗೆರೆಯೂ ಒಬ್ಬೊಬ್ಬರ ಕೆಳದವಡೆ. ದವಡೆ ಅಲುಗಿದರೆ ಗೆರೆ ಎದ್ದು ಕುಣಿಯುತ್ತಿತ್ತು, ಸುಮ್ಮನಾದರೆ ಚಾಪೆ ಹಾಸಿದಂತೆ ಮಲಗಿಬಿಡುತ್ತಿತ್ತು.

ದವಡೆ ಕಿರಿದಾಗುವುದು ಆ ಕಾಲಕ್ಕೆ ಮನೆಮನೆಯ ಕಥೆಯಾಗಿತ್ತು. ಮೆತ್ತಗಿನದನ್ನೇ ತಿಂದು ಬೆಳೆದ ಮಕ್ಕಳಿಗೆ ಹಲ್ಲುಗಳೇನೋ ಅಜ್ಜ ಅಜ್ಜಿಯರಿಗೆ ಬಂದಷ್ಟೇ ಬರುತ್ತಿದ್ದವು, ಕೂರಲು ಜಾಗವಿರುತ್ತಿರಲಿಲ್ಲ. ಬೆಳಗಿನ ಸಿಟಿ ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಬೆನ್ನಿಗೊಂದು, ಒಂದರ ಹೆಗಲ ಮೇಲೊಂದು. ಮೊದಲಾದರೆ ಎರಡು ಹಲ್ಲು ಕಿತ್ತು ಜಾಗ ಮಾಡುತ್ತಿದ್ದರು. ಈಗ ದವಡೆಯನ್ನೇ ಅಗಲ ಮಾಡುತ್ತಿದ್ದರು. ಗದ್ದದ ನಟ್ಟನಡುವೆ ಮೂಳೆಯನ್ನು ಸೀಳಿ, ಎರಡು ಹೋಳನ್ನೂ ಹಿಡಿಯುವಂತೆ ಒಸಡಿನೊಳಗೆ, ದವಡೆಯ ಅಲುಗಾಟವನ್ನು ಆ ಪರದೆಗೆ ಕಳಿಸುವ ಒಂದು ಪುಟ್ಟ ಸ್ಕ್ರೂ ಕೂರಿಸಿ, ಸೀಳಿನೊಳಗೆ ಮೂಳೆಯಂಟು ತುಂಬುವುದು. ಸ್ಕ್ರೂ ಒಂದೊಂದೇ ಎಳೆ ಅಗಲಿಸಿದಂತೆ ಅಂಟು ಹಿಂದಿನಿಂದ ಹೊಸ ಮೂಳೆ ಕಟ್ಟುತ್ತಾ ಬರುವುದು.

ಆ ಅಂಟಿಗೆ ಒಂದು ಗುಣವಿತ್ತು. ದವಡೆ ಆಡುತ್ತಿರುವ ತನಕ ಅದು ಹಸಿಯಾಗಿರುತ್ತಿತ್ತು. ಎರಡು ಮೂರು ದಿನ ದವಡೆ ಸುಮ್ಮನಾದರೆ, ಸರಿ ಕೆಲಸ ಮುಗಿಯಿತು ಎಂದುಕೊಂಡು ಇದ್ದಲ್ಲೇ ಗಟ್ಟಿಯಾಗಿಬಿಡುತ್ತಿತ್ತು. ಅರ್ಧಕ್ಕೆ ಗಟ್ಟಿಯಾದರೆ ವರ್ಷ ಕಳೆದು ಮತ್ತೆ ಸೀಳಬೇಕು. ಅಲ್ಲಿಯವರೆಗೂ ಮುಂದಿನ ಹಲ್ಲುಗಳ ನಡುವೆ ಅರೆತೆರೆದ ಬಾಗಿಲಿನಂಥ ಸಂದು. ಹಾಗೆಂದು ಅಗಿಯುವಂತಿಲ್ಲ, ಹಸಿ ಮೂಳೆ ತಾಳುವುದಿಲ್ಲ. ಉಳಿದದ್ದು ಮಾತು ಒಂದೇ. ಡಾಕ್ಟರ್ ವೇದವತಿ ಪ್ರತಿಯೊಬ್ಬ ರೋಗಿಗೂ ಹೇಳಿ ಕಳಿಸುತ್ತಿದ್ದರು: ಯಾರ ಜೊತೆಗಾದರೂ ಸರಿ, ಏನಾದರೂ ಸರಿ, ದಿನವೆಲ್ಲ ಮಾತಾಡಿ, ಇದಕ್ಕೆ ಬೇರೆ ಮದ್ದಿಲ್ಲ. ಸಾಕಷ್ಟು ಮಾತು ಕೂಡಿದೊಡನೆ ಸ್ಕ್ರೂ ತಾನಾಗಿ ಒಂದೆಳೆ ತಿರುಗುತ್ತಿತ್ತು. ಗದ್ದದೊಳಗೆ ಯಾರೋ ಚಿಟಿಕೆ ಹೊಡೆದಂತಾಗುತ್ತದೆ ಎಂದು ರೋಗಿಗಳು ಹೇಳುತ್ತಿದ್ದರು.

ತೇಜಸ್ವಿನಿ ಆ ಕೋಣೆಗೆ ಸೇರಿ ವರ್ಷವಾಗಿತ್ತು. ಹೆಸರಿಗೂ ಅವಳಿಗೂ ಸಂಬಂಧವಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಅವಳ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು. ಹೇಳಬೇಕಾಗಿದ್ದದ್ದು ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯುತ್ತಿತ್ತು. ಹಾಗಿದ್ದುದಕ್ಕೋ ಏನೋ, ಬೇರೆಯವರ ದವಡೆ ಓದುವುದು ಅವಳಿಗೆ ಚೆನ್ನಾಗಿ ಒಲಿದಿತ್ತು. ಗೆರೆ ನೋಡಿ ಇವರು ಹಾಡುತ್ತಿದ್ದಾರೆ, ಇವರು ಮಗುವನ್ನು ರಮಿಸುತ್ತಿದ್ದಾರೆ, ಇವರು ಜಗಳಕ್ಕೆ ನಿಂತಿದ್ದಾರೆ ಎಂದು ಹೇಳಬಲ್ಲಳು. ಯಾವ ಗೆರೆ ಯಾರದೆಂದು ಮಾತ್ರ ಅಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ರೋಗಿಯ ಹೆಸರು ಮುಚ್ಚಿಟ್ಟು, ಯಂತ್ರವೇ ಒಂದು ಮರದ ಹೆಸರು ಕೊಡುತ್ತಿತ್ತು. ಮಾವು, ಹೊಂಗೆ, ನೇರಳೆ, ಹೀಗೆ.

ಆ ಮರಗಳಲ್ಲಿ ಒಂದು ಅವಳ ಅತ್ತಿಗೆ. ಅಣ್ಣ ನಂದೀಶನ ಹೆಂಡತಿ ದಾನೇಶ್ವರಿ ಗುಳೇದಗುಡ್ಡದ ಕಡೆಯಿಂದ ಬಂದವಳು. ಅವಳ ಕೆಳಗಿನ ಹಲ್ಲುಗಳು ಒತ್ತೊತ್ತಾಗಿ ಬೆಳೆದು, ಬ್ರಶ್ಶು ತಲುಪದೆ, ಒಸಡು ಊದಿ ರಕ್ತ ಬರುತ್ತಿತ್ತು. ಸಿಬ್ಬಂದಿಯ ಮನೆಯವರಿಗೆ ಸಿಗುವ ರಿಯಾಯಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಟ್ಟದ್ದು ತೇಜಸ್ವಿನಿಯೇ. ಆ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ. ಅತ್ತಿಗೆಯ ಗೆರೆ ಯಾವುದಿರಬಹುದೆಂದು ಹುಡುಕಬಾರದೆಂಬ ನಿಯಮವಿದ್ದರೂ ಮನಸ್ಸು ಕೇಳಬೇಕಲ್ಲ. ಅದು ಮಾವು ಇರಬೇಕೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಮಾವಿನ ಗೆರೆ ಬಲು ಸೊಗಸು. ಸ್ವಲ್ಪ ಏಳುವುದು, ಸ್ವಲ್ಪ ತಡೆಯುವುದು, ಮತ್ತೆ ಏಳುವುದು. ಒಬ್ಬರು ಹೇಳಿ ಇನ್ನೊಬ್ಬರದನ್ನು ಕೇಳಿಸಿಕೊಳ್ಳುವ, ನಗುವ, ಮತ್ತೆ ಹೇಳುವ ಮನೆಯ ಗೆರೆ. ನಮ್ಮ ಮನೆ ಹಾಗೇ ತಾನೆ ಎಂದುಕೊಂಡು ಬೆಳಿಗ್ಗೆ ಬಂದ ಕೂಡಲೇ ಅದರ ಮೇಲೊಮ್ಮೆ ಕಣ್ಣಾಡಿಸುತ್ತಿದ್ದಳು.

ಮನೆಯಲ್ಲಿ ದಾನೇಶ್ವರಿಯನ್ನು ಕಂಡರೆ ಎಲ್ಲರಿಗೂ ಪ್ರೀತಿಯೇ. ಅವಳ ಮಾತನ್ನು ಕಂಡರೆ ನಗು, ಅದೂ ಪ್ರೀತಿಯಿಂದಲೇ ಎಂದು ಅವರೆಲ್ಲ ನಂಬಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಏನೇ ಅಂದರೂ ಮಾವ ಮಹದೇವಸ್ವಾಮಿಯವರು ಅದನ್ನು ಅವಳ ಧಾಟಿಯಲ್ಲೇ ತಿರುಗಿಸಿ ಹೇಳಿ ನಗಿಸುತ್ತಿದ್ದರು. ನಂದೀಶ ಸ್ನೇಹಿತರ ಮುಂದೆ ಅವಳ ಮಾತನ್ನು ತಿದ್ದುತ್ತಿದ್ದ. ಆಮೇಲಾಮೇಲೆ ಅವಳು ಬಾಯಿ ತೆರೆಯುವ ಮೊದಲೇ ತಾನೇ ಹೇಳಿ ಮುಗಿಸತೊಡಗಿದ. ಹಲ್ಲಿನ ವಿಷಯ ಬಂದಾಗ ಮಾವ, "ಅಲ್ಲಮ್ಮ ದಾನು, ಖಡಕ್ ರೊಟ್ಟಿ ತಿಂದು ಬೆಳೆದೋಳು ನೀನು, ನಿನಗ್ಯಾಕೆ ದವಡೆ ಬೆಳೀಲಿಲ್ಲ? ನಮ್ ಮುದ್ದೆ ನೋಡು, ಹಲ್ಲೇ ಬೇಡ," ಅಂದಿದ್ದರು. ಎಲ್ಲರೂ ನಕ್ಕಿದ್ದರು. ತೇಜಸ್ವಿನಿ ನಕ್ಕಿರಲಿಲ್ಲ; ತುಟಿ ಬಿಗಿಹಿಡಿದು ತಟ್ಟೆ ನೋಡಿದ್ದಳು. ಅತ್ತಿಗೆಯ ಪರ ತಾನೊಬ್ಬಳಿದ್ದೇನೆಂದು ಅವಳು ತಿಳಿದುಕೊಂಡದ್ದು ಇಂಥವುಗಳಿಂದಲೇ. ಅತ್ತೆ ನಾಗಮ್ಮಣ್ಣಿಯವರು ಬಂದವರ ಮುಂದೆಲ್ಲ, ನಮ್ಮ ಸೊಸೆ ಬಾಯಿ ಸತ್ತ ಹುಡುಗಿ, ಏನು ಹೇಳಿದರೂ ಹೂಂ ಅನ್ನುತ್ತೆ ಅಷ್ಟೇ, ಇಂಥವಳು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೊಗಳುತ್ತಿದ್ದರು.

ಇತ್ತ ಕೋಣೆಯಲ್ಲಿ ಬೇಸರ ಕಳೆಯಲು ಗೆರೆಗಳಿಗೆ ಅಡ್ಡಹೆಸರು ಇಡುವ ಆಟ ನಡೆಯುತ್ತಿತ್ತು. ಅದರಲ್ಲಿ ಮುಂದಾಳು ಸಹೋದ್ಯೋಗಿ ಕೀರ್ತನ್. ನೇರಳೆಗೆ ಅವನಿಟ್ಟ ಹೆಸರು ಹರಾಜು ಕಟ್ಟೆ, ಆಲಕ್ಕೆ ಗೊರಕೆ ಸಾಹುಕಾರ. ತೇಜಸ್ವಿನಿ ಆ ಆಟಕ್ಕೆ ಸೇರಿದವಳಲ್ಲ. ಆದರೆ ಹೊಂಗೆಯ ಗೆರೆ ಎಲ್ಲರನ್ನೂ ತಬ್ಬಿಬ್ಬು ಮಾಡಿತ್ತು. ಬೆಳಗೆಲ್ಲ, ಸಂಜೆಯೆಲ್ಲ ಅದು ಮಲಗಿರುತ್ತಿತ್ತು. ಮಧ್ಯಾಹ್ನಕ್ಕೆ ಮುಂಚೆ ಒಂದಷ್ಟು ಹೊತ್ತು ಮಾತ್ರ ಒಮ್ಮೆಲೇ ಎದ್ದು, ಕಟ್ಟೆಯೊಡೆದ ನೀರಿನಂತೆ ಭೋರಿಡುತ್ತಿತ್ತು. ಆ ಹೊತ್ತಿನ ಮಾತಿನಿಂದಲೇ ಅದರ ಸ್ಕ್ರೂ ಹೇಗೋ ದಿನಕ್ಕೊಂದೆಳೆ ತಿರುಗಿಕೊಂಡು ಬಂದಿತ್ತು. ಯಾರೋ ವಕೀಲರಿರಬೇಕೆಂದ ಕೀರ್ತನ್. ಪಾಠ ಹೇಳುವವರೆಂದರು ಇನ್ನೊಬ್ಬರು.

ತೇಜಸ್ವಿನಿಗೆ ತಟ್ಟನೆ ಹೊಳೆಯಿತು. ಮೊದಲ ಬಾರಿಗೆ, ಬಸ್ಸಿನಲ್ಲಲ್ಲ, ಅಲ್ಲೇ ಹೊಳೆಯಿತು. "ಇವರು ಕೇಳಿಸ್ಕೊಳ್ಳೋದೇ ಇಲ್ಲ ನೋಡಿ," ಎಂದಳು. "ಎದುರಿಗೆ ಒಬ್ಬರಿದ್ದರೆ ಮಧ್ಯೆ ತಡೀಬೇಕು. ಫೋನಾದರೂ ತಡೀಬೇಕು. ಇವರ ಮುಂದೆ ಯಾರೂ ಇಲ್ಲ. ಅಡುಗೆಮನೇಲಿ ಒಬ್ಬರೇ ನಿಂತು ಪಾತ್ರೆಗಳಿಗೆ ಪಾಠ ಮಾಡ್ತಿದಾರೆ."

ಎಲ್ಲ ಹೋ ಎಂದು ನಕ್ಕರು. ಕೀರ್ತನ್ ಮೇಜು ಬಡಿದ. "ಪಾತ್ರೆ ಮೇಡಂ!" ಎಂದು ಯಾರೋ ಕೂಗಿದರು. ನಗು ಅವಳಿಗೆ ಅಮಲಿನಂತೆ ಏರಿತು. ಎದ್ದು ನಿಂತು, ಗೆರೆಯನ್ನು ನೋಡುತ್ತಾ ಅದರ ಏರಿಳಿತಕ್ಕೆ ಸರಿಯಾಗಿ ದವಡೆ ಆಡಿಸುತ್ತಾ, ಸದ್ದಿಲ್ಲದೆ, ಕೈಯಲ್ಲಿ ಇಲ್ಲದ ಸೌಟು ಹಿಡಿದು ಇಲ್ಲದ ಕುಕ್ಕರಿಗೆ ಬೆರಳು ತೋರಿಸಿ ಗದರಿಸಿದಳು. ಬಾಗಿಲಲ್ಲಿ ಹೋಗುತ್ತಿದ್ದ ನರ್ಸುಗಳೂ ನಿಂತು ನಕ್ಕರು. ಅಂದಿನಿಂದ ಹೊಂಗೆಯ ಗೆರೆ ಎದ್ದೊಡನೆ, ಕ್ಲಾಸ್ ಶುರುವಾಯಿತೆಂದು ಎಲ್ಲರೂ ತೇಜಸ್ವಿನಿಯ ಕಡೆ ತಿರುಗುವರು. ಅವಳು ಎದ್ದು ಸೌಟು ಹಿಡಿಯುವಳು.

ಆ ಸಂತೋಷ ಅವಳನ್ನು ಮನೆಯವರೆಗೂ ಎತ್ತಿಕೊಂಡು ಹೋಯಿತು. ಊಟಕ್ಕೆ ಕೂತಾಗ, ಎಂದೂ ಬಾಯಿ ಬಿಡದವಳು, ಆಫೀಸಿನಲ್ಲಿ ಏನಾಯಿತು ಗೊತ್ತಾ ಎಂದು ತಾನಾಗಿ ಶುರು ಮಾಡಿದಳು. ಹೆಸರಿಲ್ಲ, ಊರಿಲ್ಲ, ಬರೀ ಒಂದು ಗೆರೆ. ಹೇಳಿದರೆ ತಪ್ಪೇನು ಎಂದು ಅವಳ ಲೆಕ್ಕ. ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಅಮ್ಮ, ಪಾಪ ತಲೆ ಕೆಟ್ಟಿರಬೇಕು ಅಂದರು. ನಂದೀಶ ಇನ್ನೊಂದು ಸಲ ಮಾಡಿ ತೋರಿಸು ಅಂದ, ಅವಳು ಮಾಡಿ ತೋರಿಸಿದಳು. ಸಾರು ಬಡಿಸುತ್ತಾ ನಿಂತಿದ್ದ ದಾನೇಶ್ವರಿ ಸೌಟನ್ನು ಪಾತ್ರೆಯೊಳಗೆ ನಿಧಾನವಾಗಿ ಇಟ್ಟಳು.

"ಆಕಿ ಒಬ್ಬಾಕಿನ ಮಾತಾಡಾಕತ್ತಾಳ ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?" ಎಂದು ಕೇಳಿದಳು.

ಎಷ್ಟೋ ತಿಂಗಳಲ್ಲಿ ಅತ್ತಿಗೆ ಆಡಿದ ಅತಿ ಉದ್ದದ ಮಾತು ಅದು. ತೇಜಸ್ವಿನಿಗೆ ಖುಷಿಯಾಯಿತು. ತಡೆಯುವುದು, ತಡೆಯದಿರುವುದು, ಗೆರೆಯಲ್ಲಿ ಅದು ಕಾಣುವ ಬಗೆ, ಎಲ್ಲವನ್ನೂ ತಾನು ಕಂಡುಹಿಡಿದ ಉತ್ಸಾಹದಲ್ಲಿ ವಿವರಿಸಿದಳು. ಅತ್ತಿಗೆ ಹೂಂ ಎಂದು ತಲೆಯಾಡಿಸಿ ಒಳಗೆ ಹೋದಳು.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ಎಲ್ಲರೂ ಕುರ್ಚಿ ತಿರುಗಿಸಿಕೊಂಡು ಕಾದರು. ಹೊಂಗೆ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಪಾತ್ರೆ ಮೇಡಂ ರಜೆ ಹಾಕಿದ್ದಾರೆಂದು ಕೀರ್ತನ್ ತಮಾಷೆ ಮಾಡಿದ. ಆದರೆ ಡಾಕ್ಟರ್ ವೇದವತಿಯವರು ಮಧ್ಯಾಹ್ನ ಬಂದು ಪರದೆ ನೋಡಿ ಮುಖ ಗಂಟಿಕ್ಕಿದರು. ಅಗಲವಾಗಬೇಕಾದದ್ದು ಅರ್ಧ ಮಾತ್ರ ಆಗಿದೆ, ಅಂಟು ಆಗಲೇ ಬಿಗಿಯತೊಡಗಿದೆ, ಸ್ಕ್ರೂ ನಿಂತು ಎರಡು ದಿನವಾಯಿತು. ನಾಳೆ ಬೆಳಿಗ್ಗೆಯೊಳಗೆ ಒಂದೆಳೆಯಾದರೂ ತಿರುಗದಿದ್ದರೆ ಇನ್ನು ಬಲವಂತ ಮಾಡುವಂತಿಲ್ಲ, ಹಾಗೇ ಬೀಗ ಹಾಕಿಬಿಡುವುದು, ಮುಂದಿನ ವರ್ಷ ಮತ್ತೆ ಸೀಳುವುದು ಎಂದರು. ಯಾರಾದರೂ ಆ ರೋಗಿಗೆ ಫೋನು ಮಾಡಿ ಏನು ತೊಂದರೆ ಕೇಳಿ ಎಂದು ಹೇಳಿ ಹೋದರು. ಕೀರ್ತನ್ ಕ್ಯಾಂಟೀನಿಗೆ ಹೋಗಿದ್ದ. ಫೋನೆಂದರೆ ಅಂಜುವ ತೇಜಸ್ವಿನಿಯೇ ಗುಂಡಿ ಒತ್ತಬೇಕಾಯಿತು. ನಂಬರು ಕಾಣಿಸುತ್ತಿರಲಿಲ್ಲ, ಹೊಂಗೆ ಎಂಬ ಹಸಿರು ಅಕ್ಷರ ಮಾತ್ರ ಮಿನುಗುತ್ತಿತ್ತು.

ಆ ಕಡೆ ಫೋನೆತ್ತಿದರು. ಯಾರೂ ಮಾತಾಡಲಿಲ್ಲ. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಅದು ಅವಳು ಹುಟ್ಟಿದಾಗಿನಿಂದ ಕೇಳಿದ ಕೆಮ್ಮು. ಆಮೇಲೆ ದೂರದಿಂದ ಅಮ್ಮನ ದನಿ: "ದಾನೂ, ಯಾರಮ್ಮಾ ಫೋನು?"

"ಹೂಂ," ಎಂದಿತು ಕಿವಿಯ ಹತ್ತಿರದ ದನಿ.

ತೇಜಸ್ವಿನಿ ಫೋನು ಇಟ್ಟುಬಿಟ್ಟಳು.

ಮುಖ ಕಿವಿಯವರೆಗೂ ಬಿಸಿಯಾಗಿ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆನ್ನಿಸಿತು. ಹೊಂಗೆಯ ಹಳೆಯ ಗೆರೆಗಳನ್ನು ಹಿಂದಕ್ಕೆ ಎಳೆದು ನೋಡಿದಳು. ನೋಡಬಾರದಿತ್ತು. ಅಪ್ಪ ಲೈಬ್ರರಿಗೆ, ಅಮ್ಮ ಭಜನೆಗೆ ಹೋಗಿರುವ ಹೊತ್ತಿನಲ್ಲಿ ಮಾತ್ರ ಗೆರೆ ಎದ್ದಿತ್ತು. ಅವರು ಬಂದೊಡನೆ ಮಲಗಿತ್ತು. ಸಂಜೆ, ತನ್ನ ಬಸ್ಸು ಮನೆ ಮುಟ್ಟುವ ಸಮಯಕ್ಕೆ ಹೊರಳಿಯೂ ನೋಡುತ್ತಿರಲಿಲ್ಲ. ಹೋಗಲಿ ಎಂದರೆ ಆ ಶನಿವಾರದ ಗೆರೆ. ಅತ್ತಿಗೆ ಶಸ್ತ್ರಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಬಂದ ಹೊಸತು, ಒಬ್ಬಳೇ ಇರುತ್ತಾಳೆ, ಜೊತೆಗಿರೋಣ, ಮಾತಾಡಿಸೋಣ ಎಂದು ತೇಜಸ್ವಿನಿ ರಜೆ ಹಾಕಿ ದಿನವಿಡೀ ಅವಳ ಪಕ್ಕದಲ್ಲೇ ಕೂತಿದ್ದ ದಿನ ಅದು. ಇಡೀ ದಾಖಲೆಯಲ್ಲಿ ಅದಕ್ಕಿಂತ ಸಪಾಟಾದ ದಿನ ಇನ್ನೊಂದಿರಲಿಲ್ಲ. ಅವಳು ಹೇಳಿದ್ದಕ್ಕೆಲ್ಲ ಅತ್ತಿಗೆ ಹೂಂ ಎಂದಿದ್ದಳು, ಊಹೂಂ ಎಂದಿದ್ದಳು. ಹೂಂ ಎನ್ನಲು ದವಡೆ ಅಲುಗಬೇಕಾಗಿಲ್ಲವೆಂಬುದು ಈ ಕೆಲಸದಲ್ಲಿರುವ ತನಗೆ ಈಗ ಹೊಳೆಯುತ್ತಿದೆ.

ಮೇಲಿನ ಸಾಲಿನಲ್ಲಿ ಮಾವು ತನ್ನ ಪಾಡಿಗೆ ಏಳುತ್ತಾ, ತಡೆಯುತ್ತಾ ಓಡುತ್ತಿತ್ತು. ಅದು ಬೇರೆ ಯಾರದೋ ಮನೆ.

ಕ್ಯಾಂಟೀನಿನಿಂದ ಬಂದ ಕೀರ್ತನ್ ಏನಂದರು ಎಂದು ಕೇಳಿದ. ಗೊತ್ತಿಲ್ಲ, ಕಟ್ಟಾಯಿತು ಅಂದಳು. ಹೊಂಗೆ ನಮ್ಮತ್ತಿಗೆ ಎನ್ನುವ ಮಾತು ನಾಲಿಗೆಯವರೆಗೆ ಬಂದು ವಾಪಸ್ಸು ಹೋಯಿತು. ಹೇಳಿದರೆ, ನೀನು ಸೌಟು ಹಿಡಿದು ಅಣಕಿಸಿದ್ದು ನಿಮ್ಮತ್ತಿಗೆಯನ್ನೇನೇ ಎಂದು ಅವನು ಕೇಳಬಹುದು. ಅದಕ್ಕೆ ಹೆದರಿದಳು. ಹೆದರಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಪ್ಪ ಹಾಲಿನಲ್ಲಿ ಟೀವಿಯಲ್ಲಿ ವಾರ್ತೆ ಹಾಕಿಕೊಂಡು ಕೂತಿದ್ದರು. ಅಮ್ಮ ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. ದಾನೇಶ್ವರಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ತೇಜಸ್ವಿನಿ ಚೀಲವನ್ನೂ ಇಳಿಸದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

ಮೊದಲು ಅಡ್ಡದಾರಿ ಹಿಡಿದಳು. ಇವತ್ತು ಏನು ಮಾಡಿದಿರಿ, ತವರಿನವರು ಫೋನು ಮಾಡಿದ್ದರಾ, ಆ ಸೀರೆ ಎಲ್ಲಿ ತಗೊಂಡದ್ದು. ಹೂಂ. ಊಹೂಂ. ಹೂಂ. ಒಂದೊಂದು ಹೂಂ ಕೂಡ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಕೊನೆಗೆ, ನಾಳೆ ಬೆಳಿಗ್ಗೆಯೊಳಗೆ ಸ್ಕ್ರೂ ತಿರುಗದಿದ್ದರೆ ಅರ್ಧಕ್ಕೇ ನಿಂತುಹೋಗುತ್ತದೆ, ಮತ್ತೆ ಸೀಳಬೇಕಾಗುತ್ತದೆ ಎಂದು ಹೇಳಿಬಿಟ್ಟಳು. ದಾನೇಶ್ವರಿ ಹಿಟ್ಟಿನಿಂದ ಕಣ್ಣೆತ್ತಲಿಲ್ಲ.

"ಅರ್ಧ ದವಡಿ ಆದ್ರೂ ಚಿಂತಿಲ್ರಿ," ಎಂದಳು. "ನಗಿಸಿಕೊಂಡಿದ್ದು ಸಾಕಾಗೈತಿ."

ಅಷ್ಟು ಹೇಳಿ ತುಟಿ ಮುಚ್ಚಿದಳು. ತೇಜಸ್ವಿನಿಗೆ ಈಗ ಅರ್ಥವಾಯಿತು. ಅತ್ತಿಗೆಗೆ ಆ ರಾತ್ರಿಯೇ, ಸಾರಿನ ಪಾತ್ರೆ ಹಿಡಿದು ನಿಂತಲ್ಲೇ ಗೊತ್ತಾಗಿತ್ತು. ತಾನು ಮಾಡಿ ತೋರಿಸಿದ್ದನ್ನು, ನಂದೀಶನ ಮಾತಿಗೆ ಎರಡನೇ ಸಲ ಮಾಡಿ ತೋರಿಸಿದ್ದನ್ನು, ಅವಳು ನಿಂತು ನೋಡಿದ್ದಳು.

"ಅತ್ತಿಗೆ, ಆ ಹೆಸರಿಟ್ಟಿದ್ದು ನಾನೇ," ಎಂದಳು ತೇಜಸ್ವಿನಿ. ದನಿ ತನ್ನದಲ್ಲವೆನ್ನಿಸಿತು. "ನಾಲ್ಕು ಜನದ ಮುಂದೆ ಎದ್ದು ನಿಂತು ನಿಮ್ಮ ಹಾಗೆ ಬಾಯಿ ಆಡಿಸಿ ನಗಿಸಿದೀನಿ. ಒಂದು ದಿನ ಅಲ್ಲ, ದಿನಾ. ಅವರು ನಕ್ಕರೆ ನನಗೆ ಖುಷಿಯಾಗ್ತಿತ್ತು. ಅದು ನೀವು ಅಂತ ಗೊತ್ತಿರಲಿಲ್ಲ."

ದಾನೇಶ್ವರಿ ಮುದ್ದೆ ಕೋಲನ್ನು ಪಕ್ಕಕ್ಕಿಟ್ಟು ತಿರುಗಿದಳು.

"ಗೊತ್ತಿದ್ರ ನಗ್ತಿರಲಿಲ್ಲೇನ್ರಿ? ಮತ್ತ ಬ್ಯಾರೆ ಯಾರರ ಆಗಿದ್ರ?"

ತೇಜಸ್ವಿನಿಯ ಬಳಿ ಇದ್ದದ್ದು ಒಂದೇ ಉತ್ತರ, ಬಾಯಿಬಿಟ್ಟು ಹೇಳಲಾಗದ ಉತ್ತರ. ಬೇರೆ ಯಾರಾದರೂ ಆಗಿದ್ದರೆ ನಾಳೆಯೂ ಎದ್ದು ಸೌಟು ಹಿಡಿಯುತ್ತಿದ್ದಳು.

"ನಗ್ತಿದ್ದೆ," ಎಂದಳು ತಲೆ ತಗ್ಗಿಸಿ.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ದಾನೇಶ್ವರಿ ಕೈ ಚಾಚಿ ಉರಿ ಸಣ್ಣ ಮಾಡಿದಳು. ಅವಳ ಮುಖದಲ್ಲಿ ಏನೋ ಸಡಿಲವಾಯಿತು, ಮೃದುವಾಯಿತೆಂದು ಹೇಳುವಂತಿಲ್ಲ. ಈ ಮನೆಯಲ್ಲಿ ಅವಳ ಪ್ರಶ್ನೆಗೆ ಇದ್ದದ್ದು ಇದ್ದ ಹಾಗೆ ಉತ್ತರ ಸಿಕ್ಕಿದ್ದು ಅದೇ ಮೊದಲಿರಬೇಕು.

"ನಾ ಪಾತ್ರೆಗೋಳಿಗೆ ಏನು ಹೇಳ್ತಿದ್ನಿ ಅಂತ ನಿಮ್ಮ ಮಸಿನಿನ್ಯಾಗ ಕಾಣಲಿಲ್ಲಲ್ಲ?"

"ಇಲ್ಲ."

"ಉತ್ತರಾ ಹೇಳ್ತಿದ್ನಿ," ಎಂದಳು ದಾನೇಶ್ವರಿ. "ಹಿಂದಿನ ದಿನ ನೀವೆಲ್ಲಾರೂ ಅಂದಿದ್ದಕ್ಕ ಉತ್ತರಾ. ಅಂದಾಗ ನನಗ ಬಾಯಿ ಬರೂದಿಲ್ಲ. ರಾತ್ರಿ ಎಲ್ಲಾ ಹೊಂದಿಸಿಕೊಂಡು ಮರುದಿನ ಕುಕ್ಕರಿಗೆ ಹೇಳ್ತಿದ್ನಿ. ಅದಕ್ಕ ನಡುವ ತಡೀತಿರಲಿಲ್ಲ. ಕುಕ್ಕರ್ ಏನು ಹೊಳ್ಳಿ ಮಾತಾಡತೈತೇನು?"

ಹೇಳಬೇಕಾಗಿದ್ದದ್ದು ಬಸ್ಸಿನಲ್ಲಿ ಹೊಳೆಯುವ ಹುಡುಗಿ ಅದನ್ನು ಕೇಳಿಸಿಕೊಂಡು ನಿಂತಳು. ಒಂದೇ ಸೂರಿನಡಿ ಇಬ್ಬರಿಗೆ ಒಂದೇ ಕಾಯಿಲೆಯಿತ್ತು. ಅವರಲ್ಲಿ ಒಬ್ಬಳು ಇನ್ನೊಬ್ಬಳನ್ನು ಆಡಿ ತೋರಿಸಿ ಗುಣಪಡಿಸಿಕೊಂಡಿದ್ದಳು.

"ಹಂಗಾದ್ರೆ ಈಗ ಹೇಳಿ," ಎಂದಳು. "ಕುಕ್ಕರಿಗೆ ಬೇಡ. ನನಗೆ ಹೇಳಿ."

ಮೊದಮೊದಲು ಮಾತು ತಡವರಿಸಿತು. ಗದ್ದದ ಹೊಲಿಗೆ ಇನ್ನೂ ಎಳೆಯುತ್ತಿತ್ತು, ನಾಲಿಗೆಗೆ ಹೊಸ ಜಾಗ ಇನ್ನೂ ಒಗ್ಗಿರಲಿಲ್ಲ. ದಾನೇಶ್ವರಿ ರೊಟ್ಟಿಯ ಮಾತಿನಿಂದ ಶುರು ಮಾಡಿದಳು.

"ಮಾವಾರು ಅಂದ್ರಲ್ಲ, ರೊಟ್ಟಿ ತಿಂದ್ರೂ ದವಡಿ ಬೆಳೀಲಿಲ್ಲ ಅಂತ. ನಮ್ಮ ರೊಟ್ಟಿ ಅಗದು ತಿನ್ನೂದ್ರೀ ಮಾವಾರೆ. ಮಾತೂ ನಾವು ಅಗದ ಆಡ್ತೀವಿ. ನೀವು ಮುದ್ದಿ ಅಗಿಯೂದಿಲ್ಲ, ನುಂಗ್ತೀರಿ. ಮಾತೂ ಹಂಗ, ಅಗೀದನ ಉಗಳ್ತೀರಿ."

ಹಾಲಿನಲ್ಲಿ ವಾರ್ತೆಯ ದನಿ ಸಣ್ಣಗಾಯಿತು. ಯಾರೋ ರಿಮೋಟು ಒತ್ತಿದ್ದರು. ದಾನೇಶ್ವರಿಗೆ ಅದು ಕೇಳಿಸಿತು. ಒಂದು ಗಳಿಗೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು, ತುಟಿ ಕೂಡಿಕೊಳ್ಳಲು ಹೋಯಿತು. ಇನ್ನೇನು ಹೂಂಗೆ ವಾಪಸ್ಸಾಗುತ್ತಾಳೆ ಎಂದುಕೊಂಡಳು ತೇಜಸ್ವಿನಿ. ಆದರೆ ಅವಳು ದನಿಯನ್ನು ಇಳಿಸುವ ಬದಲು ಏರಿಸಿದಳು.

ಆಮೇಲೆ ಒಂದರ ಹಿಂದೊಂದು ಬಂದವು. ಹೋದ ದೀಪಾವಳಿಗೆ ಬಂದ ನೆಂಟರ ಮುಂದೆ ಅವಳಿಂದ ನಾಲ್ಕು ಮಾತಾಡಿಸಿ, ಕಾಸು ಕೊಡದೆ ಆಟ ನೋಡಿದ್ದಕ್ಕೆ ಉತ್ತರ. ಗಂಡ ಫೋನಿನಲ್ಲಿ ಅವಳಮ್ಮನ ಹತ್ತಿರ ಅವಳ ಪರವಾಗಿ ತಾನೇ ಮಾತಾಡಿ ಇಟ್ಟುಬಿಟ್ಟದ್ದಕ್ಕೆ ಉತ್ತರ. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಅಪ್ಪ ಅವಳ ಧಾಟಿಯಲ್ಲಿ ಹಾಡು ಕಟ್ಟಿದ್ದಕ್ಕೆ ಉತ್ತರ. ಅದಕ್ಕೆ ಅವಳೂ ಒಂದು ಹಾಡು ಕಟ್ಟಿದ್ದಳು, ಅದು ಅಪ್ಪನ ಹಾಡಿಗಿಂತ ಎಷ್ಟೋ ಚೆನ್ನಾಗಿತ್ತು. ಇಷ್ಟು ತಮಾಷೆ ಈ ಹೆಣ್ಣಿನಲ್ಲಿತ್ತೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಗು ಬರುತ್ತಿತ್ತು, ನಗುವ ಹಕ್ಕು ತನಗಿಲ್ಲವೆಂದು ತೇಜಸ್ವಿನಿ ಕೆನ್ನೆಯೊಳಗೆ ಕಚ್ಚಿಕೊಂಡಳು.

ನಾಗಮ್ಮಣ್ಣಿಯವರು ಕೈಯಲ್ಲೊಂದು ಮಡಿಸಿದ ಟವೆಲು ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. ಏನಮ್ಮ ಇದು, ಅಕ್ಕಪಕ್ಕದವರು ಏನಂದುಕೊಳ್ಳೋಲ್ಲ ಎಂದು ಹೇಳಲು ಬಾಯಿ ತೆರೆದರು. ದಾನೇಶ್ವರಿ ಅವರ ಕಡೆ ತಿರುಗಿದಳು. ಅವಳ ದನಿ ಆಗ ತಗ್ಗಿತು.

"ಅತ್ತಿಯಾರ, ನೀವು ಬಂದವ್ರಿಗೆಲ್ಲಾ ನನ್ನ ಬಾಯಿ ಸತ್ತಾಕಿ ಅಂತ ಹೇಳ್ತೀರಿ. ಹೊಗಳಾಕ ಹೇಳ್ತೀರಿ, ನನಗ ಗೊತ್ತೈತಿ. ಆದ್ರ ಸತ್ತಿದ್ದು ಯಾವಾಗ, ಹೆಂಗ ಸತ್ತಿತು ಅಂತ ಒಬ್ಬರರ ಕೇಳಿದ್ರೇನ್ರಿ? ನಮ್ಮೂರಾಗ ನಾ ಬಾಯಿಬಡಕಿ ಆಗಿದ್ನಿ. ನಮ್ಮವ್ವ ದಿನಾ ಬೈತಿದ್ಲು, ಗಂಡನ ಮನ್ಯಾಗ ಹೆಂಗ ಮಾಡ್ತಿ ಅಂತ."

ನಾಗಮ್ಮಣ್ಣಿಯವರು ತೆರೆದ ಬಾಯನ್ನು ಮುಚ್ಚಿದರು. ಟವೆಲನ್ನು ಬಿಚ್ಚಿದರು, ಮತ್ತೆ ಮಡಿಸಿದರು. ಒಳಗೆ ಹೋಗಲಿಲ್ಲ. ಹಾಲಿನಲ್ಲಿ ಟೀವಿ ಪೂರ್ತಿ ನಿಂತಿತ್ತು. ಅಪ್ಪ ಅಲ್ಲಿ ಕತ್ತಲ ಪರದೆಯ ಮುಂದೆ ಕೂತೇ ಇದ್ದರು, ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದರು.

ದಾನೇಶ್ವರಿ ಇನ್ನೊಂದು ಮಾತಿಗೆ ಬಾಯಿ ತೆರೆದವಳು ಗಕ್ಕನೆ ನಿಂತಳು. ಕೈ ಗದ್ದಕ್ಕೆ ಹೋಯಿತು. ಕಣ್ಣು ಅಗಲವಾದವು. ನೋವಾಯಿತೇ ಎಂದು ತೇಜಸ್ವಿನಿ ಒಂದು ಹೆಜ್ಜೆ ಮುಂದಿಟ್ಟಳು.

"ತಿರುಗಿತು," ಎಂದಳು ದಾನೇಶ್ವರಿ, ತನಗೆ ತಾನೇ ಎಂಬಂತೆ. "ಚಿಟಕಿ ಹೊಡದಂಗ ಆತು."

ಒಂದೆಳೆ. ಅಂಟು ಇನ್ನೂ ಹಸಿಯಾಗಿತ್ತು. ಬೆಳಿಗ್ಗೆ ಡಾಕ್ಟರ್ ವೇದವತಿ ಬೀಗ ಹಾಕಬೇಕಾಗಿಲ್ಲ. ತೇಜಸ್ವಿನಿಗೆ ಇಲ್ಲಿಗೆ ಮುಗಿಯಿತು, ಬದುಕಿದೆ ಎನ್ನಿಸಿತು. ಹೆಗಲ ಮೇಲೆ ಇನ್ನೂ ಹಾಗೇ ಇದ್ದ ಚೀಲವನ್ನು ಸರಿಮಾಡಿಕೊಂಡು, ಸದ್ಯ, ಇನ್ನು ನೀವು ಸ್ವಲ್ಪ ಸುಧಾರಿಸಿಕೊಳ್ಳಿ ಅತ್ತಿಗೆ, ಮುದ್ದೆ ನಾನು ಕಟ್ಟುತ್ತೇನೆ ಎಂದು ಮೆಲ್ಲಗೆ ಹೇಳಿ ಕೈ ತೊಳೆಯಲು ತಿರುಗಿದಳು.

ಹಿಂದಿನಿಂದ ದಾನೇಶ್ವರಿ ಮೂಲೆಯಲ್ಲಿದ್ದ ಮಣೆಯನ್ನು ಕಾಲಿನಿಂದ ಅವಳ ಕಡೆ ನೂಕಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಬೆಕ್ಕಿಗೂ ರೀ ಹಚ್ಚಿ ಮಾತಾಡುತ್ತಿದ್ದವಳು, ಈಗ ಅದನ್ನು ಬಿಟ್ಟಿದ್ದಳು.

"ಎಲ್ಲಿಗೆ ಹೊಂಟಿ? ಕುಂದ್ರು," ಎಂದಳು. "ಇಷ್ಟೊತ್ತು ಅವರ ಪಾಳಿ ಆತು. ಇನ್ನ ನಿಂದು."

ತೇಜಸ್ವಿನಿ ಚೀಲ ಇಳಿಸಿ ಕೂತಳು.